ಹಾರ್ಟಿಯವರ ಕೊನೆಯ ಸಾಲು

ತಪ್ಪು ಮಾಡುವವರ ಪೈಕಿ ತಾನಲ್ಲ ಎಂಬುದು ಹೇಜಲ್‌ಗೆ ಎಷ್ಟು ಖಚಿತವಾಗಿತ್ತೆಂದರೆ, ಆ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಕಂಪ್ಯೂಟರ್ ಪರದೆಯ ಮೇಲಿನ ಅಂಕಿಗಳು ಬದಲಾದಾಗ, ಐರ್ಲೆಂಡಿನವರಿಗೆ ಎಣಿಸಲು ಬರುವುದಿಲ್ಲ ಎಂದೇ ಅವಳು ಮೊದಲು ತೀರ್ಮಾನಿಸಿದಳು. ಫಿಂಟನ್ ಹಾರ್ಟಿ ಎಂಬ ಹೆಸರಿನ ಎದುರು ನಿನ್ನೆ ಸಂಜೆ ಐದು ಸಾವಿರದ ನೂರ ಹದಿನಾರು ಮತ ಇದ್ದದ್ದು ಇವತ್ತು ಐದು ಸಾವಿರದ ಆರುನೂರ ನಲವತ್ತು ಆಗಿತ್ತು. ಹೆಚ್ಚಾದದ್ದು ಒಳ್ಳೆಯದೇ. ಆದರೆ ಅವರಿಗಿಂತ ಕೆಳಗಿನ ಸ್ಥಾನದಲ್ಲಿದ್ದ, ದೊಡ್ಡ ಪಕ್ಷವೊಂದರ ಅಭ್ಯರ್ಥಿಯದು ಅದರ ದುಪ್ಪಟ್ಟು ಹೆಚ್ಚಾಗಿತ್ತು. ಮತಪತ್ರಗಳೇನು ರಾತ್ರಿ ಪೆಟ್ಟಿಗೆಯೊಳಗೆ ಮರಿ ಹಾಕುತ್ತವೆಯೇ? ಶುಕ್ರವಾರ, ಶನಿವಾರ ಅಲ್ಲಿ ವಾರದ ರಜೆಯಾದ್ದರಿಂದ ಮೂರನೇ ಮಹಡಿಯ ಆಫೀಸಿನಲ್ಲಿ ಅವಳನ್ನು ಬಿಟ್ಟು ಯಾರೂ ಇರಲಿಲ್ಲ. ಎ.ಸಿ. ಒಂದೇ ಸಮನೆ ಗೊರಕೆ ಹೊಡೆಯುತ್ತಿತ್ತು. ಕಿಟಕಿಯಾಚೆ ಮೇ ತಿಂಗಳ ದೋಹಾ ಬಿಸಿಲಿಗೆ ಬೆಳ್ಳಗಾಗಿತ್ತು, ಕ್ರೇನುಗಳೆಲ್ಲ ನಿಂತಲ್ಲೇ ನಿಂತಿದ್ದವು. ಅವಳು ಎದ್ದು ಹೋಗಿ ಮೀಟಿಂಗ್ ರೂಮಿನಿಂದ ಸ್ಕೇಲು ತಂದು, ಪರದೆಗೆ ಅಡ್ಡವಾಗಿ ಹಿಡಿದು, ಸಾಲು ಸಾಲಾಗಿ ಓದಿದಳು. ಇಂಜಿನಿಯರುಗಳ ಇಂಗ್ಲಿಷಿನಲ್ಲಿ ತಪ್ಪು ಹಿಡಿಯುವುದು ಹೀಗೆಯೇ.

ಹಾರ್ಟಿಯವರು ಈ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರು. ಅವಳು ಅವರ ಸೆಕ್ರೆಟರಿ. ವರ್ಷಕ್ಕೆ ನಾಲ್ಕು ಹನಿ ಬೀಳುವ ಊರಿನಲ್ಲಿ ಮಳೆನೀರಿನ ಚರಂಡಿ ಕಟ್ಟಿಸುವುದು ಅವರ ಕೆಲಸ. ಆದರೆ ಅದು ಹೊಟ್ಟೆಪಾಡು. ನಿಜವಾಗಿ ಅವರು ರಾಜಕಾರಣಿ, ಅದೂ ಯಾವ ಪಕ್ಷದ ಬಾಲವನ್ನೂ ಹಿಡಿಯದವರು. ಐರ್ಲೆಂಡಿನ ಪಶ್ಚಿಮ ಕಡಲಿನ ಬದಿಯ ಒಂದು ಜಿಲ್ಲೆಯಿಂದ ಪಕ್ಷೇತರರಾಗಿ ಸಂಸತ್ತಿಗೆ ಹೋಗಿ, ಐದು ವರ್ಷ ಕೂತು, 2002ರಲ್ಲಿ ತೊಂಬತ್ತಮೂರು ಮತಗಳಿಂದ ಸೋತು, ಮಾರನೇ ವರ್ಷ ಇಲ್ಲಿಗೆ ಬಂದವರು. ಈಗ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಮತ್ತೆ ನಿಲ್ಲಲು ಹೋಗಿದ್ದರು. ಗುರುವಾರ ಮತದಾನ, ಶುಕ್ರವಾರದಿಂದ ಎಣಿಕೆ. ಆ ಕ್ಷೇತ್ರಕ್ಕೆ ಮೂರು ಸೀಟು. ನಿನ್ನೆ ಸಂಜೆ ಮೊದಲ ಎಣಿಕೆಯಲ್ಲಿ ಹಾರ್ಟಿ ಮೂರನೆಯವರು. ಮೂರು ಸೀಟು, ಮೂರನೇ ಸ್ಥಾನ, ಇನ್ನೇನು ಬೇಕು? ಹೇಜಲ್ ಕಂಪ್ಯೂಟರ್ ಆರಿಸಿ, ದಾರಿಯಲ್ಲಿ ಒಂದು ಕಿಲೋ ಲಡ್ಡು ಕಟ್ಟಿಸಿಕೊಂಡು ಮುಐದರ್ ಬಡಾವಣೆಯ ಮನೆಗೆ ಹೋಗಿದ್ದಳು. ಅವರದು ಒಂದು ವಿಲ್ಲಾದ ಹಿಂದಿನ ಎರಡು ಕೋಣೆ. ಮುಂದಿನ ಭಾಗದಲ್ಲಿ ಮೂರು ಮಲಯಾಳಿ ಕುಟುಂಬಗಳು. ಎಲ್ಲರಿಗೂ ಲಡ್ಡು ಹಂಚಿಯಾಯಿತು. ಯಾರು ಗೆದ್ದದ್ದು ಎಂದು ಕೇಳಿದವರಿಗೆ "ನಮ್ಮವರು" ಎಂದಳು. ಆ ಮೇಲೆ ಅದನ್ನು ನೆನೆದು ಅವಳ ಕಿವಿ ಬಿಸಿಯಾಗುವುದಿತ್ತು, ಆದರೆ ನಿನ್ನೆ ಆಗಿರಲಿಲ್ಲ.

ಎಣಿಕೆ ಒಂದು, ಎಣಿಕೆ ಎರಡು ಎಂದು ಅಲ್ಲಿಯವರು ಮುಂದುವರಿಸುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಯಾಕೆ ಮುಂದುವರಿಸುತ್ತಾರೆ ಎಂಬುದನ್ನು ಕೇಳುವ ಅಗತ್ಯ ಬಿದ್ದಿರಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ, ಎಲ್ಲರೂ ಮನೆಗೆ ಹೋದ ಮೇಲೆ, ಹಾರ್ಟಿ ಕಿಟಕಿಗೂ ನಕ್ಷೆಗಳ ಕಪಾಟಿಗೂ ನಡುವೆ ಅಡ್ಡಾಡುತ್ತ, ಪ್ಯಾಂಟಿನ ಜೇಬಿನಲ್ಲಿ ಚಿಲ್ಲರೆ ಕುಣಿಸುತ್ತ, ಚುನಾವಣಾ ಪ್ರಚಾರದ ಕಾರ್ಡಿಗೆಂದು ತಮ್ಮ ಬದುಕಿನ ಕಥೆಯನ್ನು ಹೇಳಿ ಬರೆಸಿದ್ದರು: "ಬರೆದುಕೊ ಹೇಜಲ್. ತೊಂಬತ್ತೇಳರಲ್ಲಿ, ಒಂಬತ್ತನೇ ಎಣಿಕೆಯಲ್ಲಿ, ಆಯ್ಕೆ." ಅವಳ ಪೆನ್ಸಿಲ್ ನಿಂತಿತ್ತು. ಒಂಬತ್ತು ಸಲ ಎಣಿಸಿದರೇ! ಎದುರಾಳಿಗಳು ಒಪ್ಪಲಿಲ್ಲ, ಮತ್ತೆ ಎಣಿಸಿ ಎಂದರು, ಮತ್ತೆ ಎಣಿಸಿದರು. ಪಕ್ಷವಿಲ್ಲದ ಒಬ್ಬಂಟಿ ಮನುಷ್ಯನ ಗೆಲುವನ್ನು ಯಾರೂ ನಂಬಲಿಲ್ಲ. ಒಂಬತ್ತು ಸಲ ಎಣಿಸಿದರೂ ಅವರೇ ಗೆದ್ದರು. ಅವಳಿಗೆ ಮೈ ಜುಂ ಎಂದಿತ್ತು. "ಗ್ರೇಟ್, ಸರ್" ಎಂದಿದ್ದಳು. "ಗ್ರೇಟ್ ಅಲ್ಲ, ಸುಸ್ತು" ಎಂದು ಅವರು ನಕ್ಕಿದ್ದರು. ತನ್ನ ಊರು ಶಿರ್ವದಲ್ಲಿ ಪಂಚಾಯತ್ ಎಣಿಕೆಗೆ ಗಲಾಟೆಯಾಗಿ ಎರಡು ಸಲ ಎಣಿಸಿದ್ದಕ್ಕೇ ಅವಳ ಅಪ್ಪ ಅದನ್ನು ಹತ್ತು ವರ್ಷ ಹೇಳಿಕೊಂಡು ತಿರುಗಿದ್ದರು.

ಹೀಗೆ ಆ ಮನುಷ್ಯನ ಇಡೀ ಬದುಕು ಅವಳ ಶಾರ್ಟ್‌ಹ್ಯಾಂಡ್ ಪುಸ್ತಕಕ್ಕೆ ಇಳಿದಿತ್ತು. ಇಪ್ಪತ್ತೊಂಬತ್ತನೇ ವಯಸ್ಸಿಗೆ ದೊಡ್ಡ ಪಕ್ಷವೊಂದರಿಂದ ಜಿಲ್ಲಾ ಕೌನ್ಸಿಲಿಗೆ. ಊರಿನ ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚಲು ಪಕ್ಷ ಹೊರಟಾಗ ಅದರ ವಿರುದ್ಧ ಕೈ ಎತ್ತಿದ್ದು, ಅದೇ ಸಂಜೆ ಪಕ್ಷದಿಂದ ಉಚ್ಚಾಟನೆ. ವಾರ್ಡ್ ಹೇಗೂ ಮುಚ್ಚಿತು. ಮುಂದೆ ಎರಡು ಸಲ ಪಕ್ಷೇತರ ಕೌನ್ಸಿಲರ್. ಪ್ರತಿ ಶನಿವಾರ ಒಂದು ಬಾರಿನ ಹಿಂದಿನ ಕೋಣೆಯಲ್ಲಿ ಕೂತು ಜನರ ಅಹವಾಲು ಕೇಳುವುದು: ಸೋರುವ ಮಾಡು, ಬಾರದ ಪಿಂಚಣಿ, ಬೇಲಿಯ ಜಗಳ. ಇನ್ನು ಶವಸಂಸ್ಕಾರಗಳು. ವರ್ಷಕ್ಕೆ ನೂರ ನಲವತ್ತು! ಮಳೆಯಲ್ಲಿ ಸಾಲುಗಟ್ಟಿ ನಿಂತು, ಸತ್ತವರ ಮನೆಯವರ ಕೈ ಕುಲುಕಿ, ಒಂದು ಮಾತು ಹೇಳಿ, ಹಿಂದಿನ ಬಾಗಿಲಿನಿಂದ ಹೊರಬಿದ್ದು ಮುಂದಿನ ಊರಿಗೆ ಓಡುವುದು. "ನಮ್ಮ ಕಡೆಯೂ ಹಾಗೇ ಸರ್, ಸತ್ತವರ ಬೊಜ್ಜದ ಊಟಕ್ಕೆ ಬಾರದವನಿಗೆ ವೋಟಿಲ್ಲ" ಎಂದು ಅವಳು ಹೇಳಿದ್ದಳು. ಅವರು ನಿಂತು, ಆ ಮಾತನ್ನು ಇನ್ನೊಮ್ಮೆ ಹೇಳಿಸಿ, ಸಿಗರೇಟ್ ಪ್ಯಾಕಿನ ಮೇಲೆ ಬರೆದುಕೊಂಡಿದ್ದರು. ತಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ಹೇಜಲ್‌ಳ ನಲವತ್ತನಾಲ್ಕು ವರ್ಷಗಳಲ್ಲಿ ಅದೇ ಮೊದಲು.

ಆ ಜನ ದೋಹಾಕ್ಕೂ ಫೋನ್ ಮಾಡುತ್ತಿದ್ದರು. ಸೋತವನನ್ನು ಬಿಡಬೇಕೆಂದು ಅವರಿಗೆ ಹೊಳೆದಿರಲಿಲ್ಲ, ಸೋತವನಿಗೂ ಹೊಳೆದಿರಲಿಲ್ಲ. ಮಿಸೆಸ್ ಕೋಯ್ನ್ ಎಂಬ ಮುದುಕಿ, ಅವರು ಸೈಟಿನಲ್ಲಿದ್ದಾಗ, ತನ್ನ ಮನೆಯೆದುರಿನ ಚರಂಡಿ ಉಕ್ಕಿದ ಕಥೆಯನ್ನು ಹೇಜಲ್‌ಗೇ ಹೇಳುತ್ತಿದ್ದಳು. ಹೇಜಲ್ ಬರೆದುಕೊಂಡು, ಕೌನ್ಸಿಲಿಗೆ ಪತ್ರ ತಯಾರು ಮಾಡಿ, ಸಹಿಗೆ ಇಡುತ್ತಿದ್ದಳು. ಮೊದಲು ಅವರು ಪತ್ರಗಳನ್ನು ಓದಿ ಸಹಿ ಮಾಡುತ್ತಿದ್ದರು. ಮೂರನೇ ವರ್ಷಕ್ಕೆ ಬರೇ ಸಹಿ. "ಹೇಜಲ್ ನೋಡಿದ ಮೇಲೆ ಮತ್ತೆ ಯಾರೂ ನೋಡಬೇಕಾಗಿಲ್ಲ" ಎಂದು ಇಡೀ ಮೀಟಿಂಗಿನ ಎದುರು ಹೇಳಿದ್ದರು. ಆ ದಿನ ಅವಳು ಮೆಟ್ಟಿಲು ಇಳಿದದ್ದೇ ಬೇರೆ ರೀತಿ. ಮಿಸೆಸ್ ಕೋಯ್ನ್‌ಳ ಚರಂಡಿ ಕೊನೆಗೆ ರಿಪೇರಿಯಾಯಿತು. ಸಾವಿರಾರು ಮೈಲಿ ಆಚೆ, ತಾನು ಕಾಣದ ರಸ್ತೆಯಲ್ಲಿ, ತನ್ನ ಪತ್ರದಿಂದ ನೀರು ಸರಿಯಾಗಿ ಹರಿಯುತ್ತಿದೆ ಎಂಬ ಯೋಚನೆ ಬಂದಾಗಲೆಲ್ಲ ಹೇಜಲ್ ಇನ್ನೊಂದು ಸಕ್ಕರೆಯಿಲ್ಲದ ಚಹಾ ಮಾಡಿಕೊಳ್ಳುತ್ತಿದ್ದಳು.

ಪರದೆಯ ಮೇಲೆ ಎಂಟನೇ ಎಣಿಕೆ ಬಂತು. ಹಾರ್ಟಿಯವರಿಗೂ ಆ ಪಕ್ಷದವನಿಗೂ ನಡುವೆ ಈಗ ಉಳಿದದ್ದು ನೂರ ಹನ್ನೆರಡು ಮತ. ನಿನ್ನೆ ಏಳುನೂರಕ್ಕೂ ಮೇಲಿತ್ತು. ಅವಳು ಸ್ಕೇಲನ್ನು ಕೆಳಗೆ ಸರಿಸಿದಳು. ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ, 'ಎಣಿಕೆ ನಡೆಯುವ ಬಗೆ' ಎಂಬ ಕೊಂಡಿ. ಶಾಲೆಯ ಮಕ್ಕಳಿಗೆಂದು ಬರೆದದ್ದು. ಅದನ್ನು ಒತ್ತುವ ಮೊದಲು ಅವಳ ಬೆರಳು ಯಾಕೆ ಅನುಮಾನಿಸಿತೋ. ಟೀಚರು ಪಾಟಿ ತೋರಿಸು ಎಂದಾಗ ತಡೆಯುವ ಹಾಗೆ ತಡೆದು, ಕೊನೆಗೆ ಒತ್ತಿದಳು.

ಮತದಾರ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಬರೆಯುತ್ತಾನೆ. ಎಲ್ಲಕ್ಕಿಂತ ಕಡಿಮೆ ಮತ ಬಂದವನನ್ನು ಕಣದಿಂದ ತೆಗೆಯುತ್ತಾರೆ. ಅವನ ಮತಪತ್ರಗಳನ್ನು ಎಸೆಯುವುದಿಲ್ಲ. ಅವುಗಳಲ್ಲಿ ಎರಡು ಎಂದು ಯಾರ ಮುಂದೆ ಬರೆದಿದೆಯೋ ಅವನಿಗೆ ಕೊಡುತ್ತಾರೆ. ಅದು ಎರಡನೇ ಎಣಿಕೆ. ಮತ್ತೆ ಒಬ್ಬನನ್ನು ತೆಗೆಯುತ್ತಾರೆ, ಹಂಚುತ್ತಾರೆ. ಅದು ಮೂರನೆಯದು. ದೊಡ್ಡ ಪಕ್ಷದ ಬೆಂಬಲವಿಲ್ಲದ ಅಭ್ಯರ್ಥಿಗಳು, ಎಂದು ಆ ಮಕ್ಕಳ ಪಾಠ ಹೇಳುತ್ತಿತ್ತು, ಹೆಚ್ಚಾಗಿ ಇತರರ ಎರಡನೇ ಮತಗಳಿಂದಲೇ ಆರಿಸಿ ಬರುತ್ತಾರೆ. ಹೇಜಲ್ ಒಂದು ಸಲ ಓದಿದಳು. ಪ್ರೂಫ್ ಓದುವವರ ಪದ್ಧತಿಯಂತೆ ಕೊನೆಯಿಂದ ಮೊದಲಿಗೆ ಇನ್ನೊಂದು ಸಲ ಓದಿದಳು. ತಪ್ಪಿರಲಿಲ್ಲ.

ಹಾರ್ಟಿಯವರ ಆ ಕಾರ್ಡು. ಮಡಚಿದರೆ ಅಂಗೈಯಷ್ಟು, ಬಿಡಿಸಿದರೆ ಅವರ ಇಡೀ ಬದುಕು. ಮನೆ ಮನೆಯ ಬಾಗಿಲಿಗೆ ಕೊಡಲು ಆರು ಸಾವಿರ ಪ್ರತಿ. ಇಲ್ಲಿ ಅಗ್ಗವೆಂದು ದೋಹಾದ ನಜ್ಮಾ ಪೇಟೆಯ ಜಲೀಲನ ಪ್ರೆಸ್ಸಿನಲ್ಲಿ ಮಾಡಿಸಿದ್ದು. ಕೊನೆಯ ಸಾಲನ್ನು ಅವರು ಹೇಳಿ ಬರೆಸುವಾಗ ಅಡ್ಡಾಡುವುದನ್ನು ನಿಲ್ಲಿಸಿ, ಅವಳ ಮೇಜಿನ ಮೂಲೆಗೆ ಒರಗಿದ್ದರು. 'ನಿಮ್ಮ ಮೊದಲ ಮತ ಬೇರೆಯವರಿಗೆ ಮೀಸಲಾಗಿದ್ದರೆ ನನಗೇನೂ ಬೇಸರವಿಲ್ಲ. ಎರಡನೆಯದನ್ನಾದರೂ ನನಗೆ ಕೊಡಿ.' ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಅವಳಿಗೆ ಕೇಳಿದ್ದು ಮಾತ್ರ ಕಲ್ಯಾಣಪುರದ ಒಬ್ಬ ಹೆಂಗಸಿನ ಸ್ವರದಲ್ಲಿ. ಅವಳ ಗಂಡ ಆಲ್ಬರ್ಟ್ ಅಂದು ಹೆಣ್ಣು ನೋಡಲು ಬಂದದ್ದು ಅವಳನ್ನಲ್ಲ, ಅಕ್ಕ ರೋಸಲಿನ್‌ಳನ್ನು. ರೋಸಲಿನ್ ಒಳಗೆ ಬಂದು, ಈ ಹಣೆ ಇನ್ನು ಎರಡು ವರ್ಷಕ್ಕೆ ಬೆನ್ನಿನವರೆಗೆ ಹೋಗುತ್ತದೆ, ನನಗೆ ಬೇಡ ಎಂದಳು. ಬಂಗುಡೆ ಸಾರಿನ ಊಟವಾದ ಮೇಲೆ ಆಲ್ಬರ್ಟನ ಆ ಕಲ್ಯಾಣಪುರದ ಸೋದರತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಾಗಾದ್ರೆ ಎರಡನೆಯವಳಾದ್ರೂ ಆಗ್ಲಿ" ಎಂದಿದ್ದಳು. ಹೇಜಲ್ ಆಗ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಮದುವೆಯಾಯಿತು. ಆಲ್ಬರ್ಟ್ ಒಳ್ಳೆಯವನು, ಕೈ ಎತ್ತಿದವನಲ್ಲ, ಸ್ವರ ಎತ್ತಿದವನಲ್ಲ. ಇಪ್ಪತ್ತಮೂರು ವರ್ಷಗಳಲ್ಲಿ ಆ ಮಧ್ಯಾಹ್ನದ ಮಾತು ಅವನ ಬಾಯಿಂದ ಒಮ್ಮೆಯೂ ಬಂದಿಲ್ಲ. ಬಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಒಬ್ಬರ ಪಾಲಿಗೆ ಎರಡನೆಯದಾಗಿ ಇರುವುದೆಂದರೆ ಏನು ಎಂಬುದನ್ನು ಅವಳಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಹಾರ್ಟಿಯವರಂಥ ಹಾರ್ಟಿಯವರು ಅದನ್ನು ಕೈಯೊಡ್ಡಿ ಬೇಡುತ್ತಾರೆ ಎಂಬುದನ್ನು ಟೈಪು ಮಾಡುವಾಗ ಅವಳಿಗೆ ಅವರ ಮೇಲೆ ಸಿಟ್ಟೇ ಬಂದಿತ್ತು.

ಮಾರ್ಚಿನ ಆ ಗುರುವಾರ ಅವಳು ಬಸ್ಸಿನಲ್ಲಿ ನಜ್ಮಾಕ್ಕೆ ಹೋಗಿದ್ದಳು. ಜಲೀಲ್ ಉಳ್ಳಾಲದವನು. ದರ್ಜಿಗಳ ಅಂಗಡಿಗಳ ನಡುವೆ ಅವನ ಪ್ರೆಸ್ಸು. ಒಂದು ಕಡೆ ಹೊಲಿಗೆ ಯಂತ್ರಗಳ ಸದ್ದು, ಇನ್ನೊಂದು ಕಡೆ ಕೆಫೆಟೇರಿಯಾದ ಪರೋಟದ ಎಣ್ಣೆಯ ವಾಸನೆ. ಪ್ರೂಫನ್ನು ಹಾರ್ಟಿ ಹಿಂದಿನ ದಿನವೇ ನೋಡಿ ಸಹಿ ಮಾಡಿದ್ದರು. ಇನ್ನೇನು ಯಂತ್ರಕ್ಕೆ ಹಾಕಬೇಕು, ಜಲೀಲ್ ಕನ್ನಡಕವನ್ನು ಹಣೆಗೆ ಏರಿಸಿದ.

"ಮೇಡಂ, ಇದೆಂಥದು ಕೊನೆಗೆ? ಫಸ್ಟ್ ಇಲ್ಲದಿದ್ರೆ ಸೆಕೆಂಡ್ ಆದ್ರೂ ಕೊಡಿ ಅಂತ. ಎರಡು ಕಡೆ ಗುರ್ತು ಹಾಕಿದ್ರೆ ವೋಟು ಕೆಟ್ಟೋಗ್ತದಲ್ಲ ಮಾರಾಯ್ರೆ?"

ಅದು ತನಗೇ ಹೊಳೆದಿರಲಿಲ್ಲವಲ್ಲ! ಹೌದು, ಎರಡು ಹೆಸರಿನ ಮುಂದೆ ಗುರುತು ಬಿದ್ದ ಮತಪತ್ರ ಕಸದ ಬುಟ್ಟಿಗೆ. ಶಿರ್ವದಿಂದ ಡೆಲ್ಲಿಯವರೆಗೆ ಇದನ್ನು ಅರಿಯದವರು ಯಾರು?

"ನಮ್ಮ ಮಾವ ಪಂಚಾಯತಿಗೆ ನಿಂತಾಗ ಹಾಗೇ ಆದದ್ದು" ಎಂದು ಜಲೀಲ್ ಹೇಳುತ್ತಲೇ ಇದ್ದ. "ಎದುರು ನಿಂತವನೂ ಸಂಬಂಧಿಕನೇ. ಹೆಂಗಸರು ಪಾಪ, ಯಾರಿಗೂ ಬೇಜಾರಾಗುದು ಬೇಡ ಅಂತ ಇವ್ರಿಗೊಂದು ಸೀಲು, ಅವ್ರಿಗೊಂದು ಸೀಲು. ಹದಿನೇಳು ವೋಟು ಖಲಾಸ್. ಮಾವ ಸೋತದ್ದು ಹನ್ನೊಂದರಲ್ಲಿ."

"ತೆಗೀರಿ ಅದನ್ನು."

"ಸಾಹೇಬ್ರಿಗೆ ಒಂದು ಫೋನ್ ಮಾಡಿ ಕೇಳುದಲ್ವಾ?"

"ಸಾಹೇಬರು ಹೇಳಿ ಆಗಿದೆ. ನಾನು ನೋಡಿದ ಮೇಲೆ ಮತ್ತೆ ಯಾರೂ ನೋಡ್ಬೇಕಾಗಿಲ್ಲ ಅಂತ."

ಖಾಲಿ ಬಿಟ್ಟರೆ ಅಂದಗೆಡುತ್ತದೆಂದು ಆ ಜಾಗದಲ್ಲಿ ಹೊಸ ಸಾಲನ್ನು ಅವಳೇ ಕೊಟ್ಟಳು, ನಿಂತಲ್ಲೇ, ಪೆನ್ನೂ ಹಿಡಿಯದೆ: 'ನಿಮಗಿರುವುದು ಒಂದೇ ಮತ. ಅದು ಫಿಂಟನ್ ಹಾರ್ಟಿಗೆ.' ದಪ್ಪ ಅಕ್ಷರದಲ್ಲಿ ಹಾಕಿ ಎಂದೂ ಹೇಳಿದಳು. ಜಲೀಲ್ "ಇದು ಭಾರೀ ಲಾಯ್ಕಾಯ್ತು" ಎಂದ. ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡು, ಅದು ನಗುತ್ತಿರುವುದನ್ನು ನೋಡಿ, ಅವಳು ತುಟಿ ಬಿಗಿದುಕೊಂಡಿದ್ದಳು. ಹೇಳಿದರೆ ಮುಜುಗರ ಪಟ್ಟಾರೆಂದು ಹಾರ್ಟಿಯವರಿಗೆ ಹೇಳಲಿಲ್ಲ. ಒಬ್ಬರ ಮಾನ ಕಾಪಾಡಿ ಅದನ್ನು ಹೇಳಿಕೊಂಡು ತಿರುಗುವ ಪೈಕಿಯೂ ಅವಳಲ್ಲ.

ಈಗ ಆ ಸಾಲು ಅಲ್ಲಿಯ ಆರು ಸಾವಿರ ಮನೆಗಳಲ್ಲಿ ಇತ್ತು. ಒಂದೇ ಮತ. ಓದಿದವರು ಏನೆಂದುಕೊಂಡರೋ. ಮೊದಲನೆಯದನ್ನು ಇನ್ನೊಬ್ಬನಿಗೆ ಕೊಟ್ಟು, ಎರಡನೆಯದನ್ನು ಹಾರ್ಟಿಗೆ ಕೊಡೋಣ ಎಂದಿದ್ದವನು ಕಾರ್ಡನ್ನು ನೋಡಿ, ಈ ಮನುಷ್ಯನಿಗೆ ನನ್ನ ಎರಡನೆಯದು ಬೇಡವಂತೆ, ಜಂಭ ನೋಡು ಎಂದಿರಬಹುದು. ಎಂಟನೇ ಎಣಿಕೆಯ ತಳದಲ್ಲಿ ಒಂದು ಅಂಕಿ ಇತ್ತು: ಯಾರಿಗೂ ವರ್ಗಾವಣೆಯಾಗದ ಮತಗಳು, ಮುನ್ನೂರ ಆರು. ಒಂದು ಎಂದು ಬರೆದು ಪೆನ್ಸಿಲ್ ಕೆಳಗಿಟ್ಟ ಮುನ್ನೂರ ಆರು ಜನ. ಅವರಲ್ಲಿ ಎಷ್ಟು ಜನ ತನ್ನ ಮಾತು ಕೇಳಿದವರು? ನೂರು? ಹತ್ತು? ಒಬ್ಬರೂ ಇಲ್ಲದಿರಲೂಬಹುದು. ಅದನ್ನು ತಿಳಿಯುವ ಉಪಾಯವೇ ಇಲ್ಲ ಎಂಬುದು ಅವಳಿಗೆ ಸಮಾಧಾನ ಕೊಡಲಿಲ್ಲ. ನಿನ್ನೆ ಬೆಳಗ್ಗೆ ಪೂಜೆಗೆ ಮೊದಲು ಪಾಪನಿವೇದನೆಯ ಸಾಲಿನಲ್ಲಿ ನಿಂತು, ಹೇಳಿಕೊಳ್ಳಲು ಏನೂ ನೆನಪಾಗದೆ, ಪಕ್ಕದ ಮನೆಯವಳ ಬಗ್ಗೆ ಹೊಟ್ಟೆಕಿಚ್ಚು ಎಂದು ಒಂದನ್ನು ಹುಡುಕಿ ಹೇಳಿ ಬಂದಿದ್ದಳು.

ಆಲ್ಬರ್ಟ್ ಬಂದಾಗ ಎರಡು ಗಂಟೆ. ಅವನು ದೋಹಾದಿಂದ ದೂರದ ರಾಸ್ ಲಫಾನಿನ ಒಂದು ಸ್ಟೋರಿನಲ್ಲಿ ಸೂಪರ್‌ವೈಸರ್. ವಾರವೆಲ್ಲ ಅಲ್ಲಿಯ ಕ್ಯಾಂಪು, ವಾರಾಂತ್ಯಕ್ಕೆ ಮನೆ, ಶನಿವಾರ ನಾಲ್ಕಕ್ಕೆ ಕಂಪನಿಯ ಬಸ್ಸು. ಹೋಗುವ ಮೊದಲು ಒಟ್ಟಿಗೆ ಉಣ್ಣೋಣವೆಂದು ಮೀನೂಟದ ಎರಡು ಪಾರ್ಸೆಲ್ ಹಿಡಿದು ಬಂದಿದ್ದ. ಅವಳ ಮುಖ ನೋಡಿ ಪಾರ್ಸೆಲನ್ನು ಪ್ರಿಂಟರಿನ ಮೇಲೆ ಇಟ್ಟ. ಅವಳು ಎಲ್ಲವನ್ನೂ ಹೇಳಿದಳು. ಎರಡನೆಯವಳ ಮಾತೊಂದನ್ನು ಬಿಟ್ಟು.

"ನೀನು ಒಳ್ಳೆದಕ್ಕೇ ಮಾಡಿದ್ದಲ್ವಾ" ಎಂದ ಆಲ್ಬರ್ಟ್.

"ಒಳ್ಳೆದಕ್ಕೆ ಮಾಡಿದ್ರೆ ಒಳ್ಳೆದಾಗ್ತದಾ?"

"ಯಾರಿಗೆ ಗೊತ್ತಾಗ್ತದೆ ಹೇಳು. ಸುಮ್ಮನಿರು. ಅವ್ರು ಕೇಳಿದ್ರೆ ಪ್ರೆಸ್ಸಿನವ್ನ ಮಿಸ್ಟೇಕ್ ಅನ್ನು. ಪ್ರೆಸ್ಸಿನವ್ರು ಮಿಸ್ಟೇಕ್ ಮಾಡುದೇ ಅಲ್ವಾ?"

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ್ದ. ಅವನ ಹಣೆ ರೋಸಲಿನ್ ಅಂದಂತೆಯೇ ಹಿಂದಕ್ಕೆ ಹೋಗಿತ್ತು. ಬಿಸಿಲಿನಿಂದ ಬಂದು ಅದು ಹೊಳೆಯುತ್ತಿತ್ತು. ಅವಳಿಗೆ ಒಂದು ಕ್ಷಣ ಅದು ಸುಲಭವಾಗಿ ಕಂಡಿತು: ಜಲೀಲ್‌ನ ತಪ್ಪು ಎಂದರೆ ಮುಗಿಯಿತು. ಹಾರ್ಟಿ ನಂಬುತ್ತಾರೆ. ಹೇಜಲ್ ನೋಡಿದ ಮೇಲೆ ಮತ್ತೆ ಯಾರೂ ನೋಡಬೇಕಾಗಿಲ್ಲ ಎಂಬ ಮಾತು ಹಾಗೆಯೇ ಉಳಿಯುತ್ತದೆ. ಈ ಕುರ್ಚಿಯಲ್ಲಿ ಇನ್ನೂ ಹತ್ತು ವರ್ಷ ಅವಳು ಆ ಮಾತಿನ ಮೇಲೆ ಕೂತಿರಬಹುದು. ಕೂತಿರುತ್ತ, ದಿನವೂ ಅವರು ಓದದೆ ಸಹಿ ಹಾಕುವುದನ್ನು ನೋಡುತ್ತಿರಬೇಕು. ಆ ಮನುಷ್ಯನ ಬದುಕಿನಲ್ಲಿ ತನಗೊಂದು ಜಾಗವಿತ್ತು, ಯಾರೂ ಒಲ್ಲೆನೆಂದ ಮೇಲೆ ಸಿಕ್ಕಿದ್ದಲ್ಲ, ತಾನೇ ಗಳಿಸಿದ್ದು. ಹೇಳಿದರೆ ಅದು ಹೋಗುತ್ತದೆ. ಹೇಳದಿದ್ದರೆ ಅದು ಇರುತ್ತದೆ, ಆದರೆ ತನ್ನದಾಗಿ ಇರುವುದಿಲ್ಲ.

ಎರಡೂ ಮುಕ್ಕಾಲಿಗೆ ಕೊನೆಯ ಎಣಿಕೆ ಬಂತು. ಹಾರ್ಟಿ, ಆರು ಸಾವಿರದ ಎಂಟುನೂರ ಎಪ್ಪತ್ತೊಂದು. ಪಕ್ಷದವನು, ಆರು ಸಾವಿರದ ಒಂಬೈನೂರ ಇಪ್ಪತ್ತೊಂಬತ್ತು. ಐವತ್ತೆಂಟು. ಆಲ್ಬರ್ಟ್ ಅವಳ ಹೆಗಲ ಹಿಂದೆ ನಿಂತು ಬಾಯಲ್ಲೇ ಕಳೆದು, "ಐವತ್ತೆಂಟೇ" ಎಂದ. ಅವಳು ಆಫೀಸಿನ ಫೋನನ್ನು ಹತ್ತಿರ ಎಳೆದುಕೊಂಡಳು.

"ಹೇಜಲ್, ಬೇಡ. ಈಗ ಬೇಡ. ಮನುಷ್ಯ ಸೋತು ನಿಂತಿದ್ದಾರೆ."

"ಸೋಲಿಸಿದ್ದು ಯಾರು ಅಂತ ಗೊತ್ತಾಗ್ಬೇಕಲ್ಲ ಅವ್ರಿಗೆ."

ಎರಡು ಸಲ ಎಂಗೇಜ್ ಬಂತು. ಮೂರನೇ ಸಲ ಹಾರ್ಟಿ ಎತ್ತಿದರು. ಹಿಂದೆ ಒಂದು ದೊಡ್ಡ ಸಭಾಂಗಣದ ಗದ್ದಲ. ಯಾರೋ ಚಪ್ಪಾಳೆ ತಟ್ಟುತ್ತಿದ್ದರು, ಕುರ್ಚಿಗಳನ್ನು ಎಳೆಯುತ್ತಿದ್ದರು. "ಹೇಜಲ್! ದೋಹಾದಲ್ಲಿ ಎಷ್ಟು ಡಿಗ್ರಿ?" ಎಂದರು. ಅವಳು ಎದ್ದು ನಿಂತಳು. ಕೂತು ಹೇಳುವ ಮಾತಲ್ಲ ಅನ್ನಿಸಿತು. ಹೇಳಿದಳು: ಕೊನೆಯ ಸಾಲನ್ನು ತೆಗೆದದ್ದು ತಾನು, ಅವರು ಸಹಿ ಮಾಡಿದ ಮೇಲೆ, ಆ ಜಾಗದಲ್ಲಿ ಒಂದೇ ಮತ ಎಂದು ಹಾಕಿಸಿದ್ದೂ ತಾನು, ನಮ್ಮಲ್ಲಿ ಎರಡು ಗುರುತು ಹಾಕಿದರೆ ಮತ ಕೆಡುತ್ತದೆ, ಅದಕ್ಕೆ, ಪ್ರೆಸ್ಸಿನವನ ತಪ್ಪಲ್ಲ. ತನ್ನ ಇಂಗ್ಲಿಷ್ ಎಲ್ಲೂ ತಡವರಿಸಲಿಲ್ಲ ಎಂಬುದನ್ನು ಅವಳು ಆ ಹೊತ್ತಿನಲ್ಲೂ ಗಮನಿಸಿದಳು.

ಹಾರ್ಟಿ ಮೆತ್ತಗೆ ಹೇಳಿದರು: "ನೋಡು ಹೇಜಲ್, ನನಗೆ ಅದು ಗೊತ್ತಿತ್ತು. ಬರುವಾಗ ವಿಮಾನದಲ್ಲೇ ಒಂದು ಕಾರ್ಡು ತೆಗೆದು ಓದಿದೆ. ಚೆನ್ನಾಗಿಯೇ ಇದೆ ಅನ್ನಿಸಿತು, ಬಿಟ್ಟೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮನೆಯವರೆಲ್ಲ ಆರೋಗ್ಯವೇ?"

ಮನೆಯವರೆಲ್ಲ ಆರೋಗ್ಯವೇ. ಆ ಸ್ವರವನ್ನು ಹೇಜಲ್ ನಾಲ್ಕು ವರ್ಷ ಗಾಜಿನ ಗೋಡೆಯ ಈಚೆಯಿಂದ ಕೇಳಿದ್ದಳು. ಕೌನ್ಸಿಲ್ ಆಗುವುದಿಲ್ಲ ಎಂದಾಗ ಮಿಸೆಸ್ ಕೋಯ್ನ್‌ಗೆ ಹೇಳುವ ಸ್ವರ ಅದು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದವನಿಗೆ ಹೇಳುವ ಸ್ವರ. ಬೆಣ್ಣೆಯಂಥ ಆ ಮಾತು ಮುಗಿದ ಮೇಲೆ ಅವರು ಫೋನ್ ಇಟ್ಟು ಗೋಡೆ ನೋಡುತ್ತ ಕೂತಿರುತ್ತಿದ್ದರು. ವಿಮಾನದಲ್ಲಿ ಓದಿದರಂತೆ! ಕಾರ್ಡುಗಳ ಡಬ್ಬಗಳಿಗೆ ಟೇಪು ಸುತ್ತಿದವಳು ಅವಳೇ; ಅವು ಹೋದದ್ದು ವಿಮಾನದ ಹೊಟ್ಟೆಯಲ್ಲಿ, ಸೀಲಾಗಿ. ಅವರು ತನಗೆ ಸುಳ್ಳು ಹೇಳುತ್ತಿದ್ದಾರೆ, ಮತ ಹಾಕುವವರಿಗೆ ಹೇಳುವ ಹಾಗೆ, ಬಾಗಿಲಲ್ಲಿ ನಿಂತು, ಟೋಪಿ ಕೈಯಲ್ಲಿ ಹಿಡಿದು. ಅವಳಿಗೆ ಅಳು ಬಂದದ್ದು ಆಗ. ಅಳುವಿನ ಜೊತೆಗೇ ಕೋಪ.

"ಸರ್, ಬಾಕ್ಸುಗಳು ಸೀಲಾಗಿದ್ದವು" ಎಂದಳು. "ನನಗೆ ನಿಮ್ಮಲ್ಲಿ ಮತ ಇಲ್ಲ ಸರ್. ನಾನು ನಿಮ್ಮ ಜೊತೆ ಕೆಲಸ ಮಾಡುವವಳು. ನನ್ನ ಹತ್ತಿರ ಹೀಗೆ ಮಾತಾಡಬೇಡಿ."

ಆಲ್ಬರ್ಟ್ ಗಾಬರಿಯಾಗಿ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು.

ಒಂದು ಬಾಗಿಲು ಮುಚ್ಚಿದ ಸದ್ದು. ಗದ್ದಲ ನಿಂತಿತು. ಆಮೇಲೆ ಬಂದ ಸ್ವರ ಅವಳು ಈವರೆಗೆ ಕೇಳಿದ್ದಲ್ಲ.

"ಸರಿ. ಹಾಗಾದರೆ ಕೇಳು. ಆ ಸಾಲು ನನ್ನ ಕಣ್ಣಿಗೆ ಬಿದ್ದದ್ದು ಕಾರ್ಡುಗಳೆಲ್ಲ ಹಂಚಿಯಾದ ಮೇಲೆ, ಪ್ರೆಸ್ಸಿನವನ ತಪ್ಪು ಅಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ, ಹೇಜಲ್! ಇಪ್ಪತ್ತೆರಡು ವರ್ಷ ಮಳೆಯಲ್ಲಿ ಹೆಣಗಳ ಹಿಂದೆ ನಡೆದದ್ದು ಆ ಎರಡನೇ ಮತಕ್ಕೆ. ಅದನ್ನು ಬೇಡುವುದಕ್ಕೆ ನನಗೆ ನಾಚಿಕೆಯಾಗಲಿಲ್ಲ, ನನ್ನ ಪರವಾಗಿ ನಿನಗೆ ನಾಚಿಕೆಯಾಯಿತೇ? ಎರಡು ಗುರುತು ಹಾಕಿದರೆ ಮತ ಕೆಡುತ್ತದೆ ಅಂತೆ! ಕೇಳಬಾರದಿತ್ತೇ? ಪಕ್ಕದ ಕೋಣೆಯಲ್ಲಿದ್ದೆ ನಾನು! ಈ ಜಿಲ್ಲೆಯಲ್ಲಿ ನಾನು ಎಷ್ಟು ಮನೆಗೆ ಮೊದಲನೆಯವನು? ನಾಲ್ಕು ಊರು. ಅಷ್ಟೇ. ಉಳಿದ ಕಡೆಯೆಲ್ಲ ನಾನು ಎರಡನೆಯವನು. ತಮ್ಮ ಪಕ್ಷವನ್ನು ಬಿಡಲಾರದವರು, ನನ್ನನ್ನೂ ಬಿಡಲಾರದೆ ಬರೆಯುವ ಎರಡು. ಅದು ಭಿಕ್ಷೆ ಅಂದುಕೊಂಡೆಯಾ? ನನ್ನ ಬದುಕಿನ ಸಂಪಾದನೆಯೇ ಅದು. ಅದೊಂದೇ! ಅದನ್ನು ನೀನು ತೆಗೆದುಹಾಕಿ, ದಪ್ಪ ಅಕ್ಷರದಲ್ಲಿ ಜಂಭ ಕೊಚ್ಚಿದೆ. ನನ್ನ ಹೆಸರಿನಲ್ಲಿ!"

ಇನ್ನೂ ಬೈದರು. ಅವಳಿಗೆ ಅರ್ಥವಾಗದ ಅವರ ಊರಿನ ಬೈಗುಳಗಳೂ ಅದರಲ್ಲಿದ್ದವು. ಹೇಜಲ್ ಒಂದು ಕೈಯನ್ನು ಮೇಜಿನ ಮೇಲೆ ಊರಿ, ಪೂರ್ತಿ ಕೇಳಿದಳು. ಕಣ್ಣೀರು ಗಲ್ಲದಿಂದ ಕೀಬೋರ್ಡಿನ ಮೇಲೆ ಬಿತ್ತು, ಒರೆಸಲಿಲ್ಲ. ಒಂದೊಂದು ಮಾತೂ ತಾಗಿತು, ತಾಗಿದ ಕಡೆಯೆಲ್ಲ ನೋವಾಯಿತು. ಆದರೂ ಒಳಗೆಲ್ಲೋ ಅವಳು ನೆಟ್ಟಗಾಗುತ್ತಿದ್ದಳು. ಅವಳನ್ನು ಸಮಾಧಾನಪಡಿಸಿದವರು ಬೇಕಾದಷ್ಟು ಜನ. ಹೀಗೆ ಸರಿಸಮಳಂತೆ ನಿಲ್ಲಿಸಿ ಕೇಳಿದವರು ಯಾರೂ ಇರಲಿಲ್ಲ.

ಅವರ ಉಸಿರು ಏರಿಳಿಯುವುದು ಕೇಳಿಸಿತು. ಯಾರೋ ಬಾಗಿಲು ಬಡಿದು ಅವರ ಹೆಸರು ಹಿಡಿದು ಕರೆದರು. "ನಾನು ಹೋಗಬೇಕು. ವೇದಿಕೆ ಹತ್ತಿ ಆ ಮನುಷ್ಯನ ಕೈ ಕುಲುಕಬೇಕು" ಎಂದರು ಹಾರ್ಟಿ. ಸ್ವರ ಇನ್ನೂ ಗಡುಸಾಗಿಯೇ ಇತ್ತು. "ಮುಂದಿನ ಭಾನುವಾರ ಆಫೀಸಿಗೆ ಬರುತ್ತೇನೆ. ಇನ್ನು ಮೇಲೆ ಪ್ರತಿಯೊಂದು ಪತ್ರವನ್ನೂ ಓದಿಯೇ ಸಹಿ ಮಾಡುತ್ತೇನೆ."

"ಯೆಸ್ ಸರ್. ಓದಬೇಕು, ಸರ್."

ಅವಳು ಫೋನ್ ಇಟ್ಟು, ಕರ್ಚೀಫಿನಿಂದ ಮೊದಲು ಕೀಬೋರ್ಡನ್ನೂ ಆಮೇಲೆ ಮುಖವನ್ನೂ ಒರೆಸಿಕೊಂಡಳು. ಆಲ್ಬರ್ಟ್‌ಗೆ ತಡೆಯಲಾಗಲಿಲ್ಲ. ರಿಸೀವರಿನಿಂದ ಹೊರಗೆ ಚೆಲ್ಲಿದ್ದು ಅವನಿಗೂ ಕೇಳಿತ್ತು. ಹೆಂಡತಿಯ ಪರವಾಗಿ ಅವನ ಮುಖ ಕೆಂಪಾಗಿತ್ತು.

"ಎಷ್ಟು ಬೈದದ್ದು ಆ ಮನುಷ್ಯ! ಅದೂ ನಿನ್ನನ್ನು!"

"ಮತ್ತೆ ಯಾರನ್ನು ಬೈಬೇಕು?" ಎಂದಳು ಹೇಜಲ್. ಪ್ರಿಂಟರಿನ ಮೇಲಿನ ಪಾರ್ಸೆಲನ್ನು ಎತ್ತಿಕೊಂಡು ಅದರ ಗಂಟು ಬಿಚ್ಚತೊಡಗಿದಳು; ಅವಳಿಗೆ ಬಹಳ ಹಸಿವಾಗಿತ್ತು. "ಅವ್ರಿಗೆ ಪಕ್ಷ ಇದೆಯಾ, ಪಾರ್ಟಿ ಆಫೀಸು ಇದೆಯಾ? ಇರುದು ನಾನೊಬ್ಬಳೇ."